ಬಸ್ಸು ನಿಂತಿತ್ತು, ಅಮ್ಮ ಇಳಿಯಲಿಲ್ಲ

2025 ಮಾರ್ಚ್ 9, ಭಾನುವಾರ. ರಾತ್ರಿ 11 ಗಂಟೆ.

ಅಮ್ಮ ಈಗಷ್ಟೇ ಮಲಗಿದಳು. ನನಗೆ ನಿದ್ದೆ ಬರುತ್ತಿಲ್ಲ. ಇವತ್ತು ನಡೆದದ್ದನ್ನು ಬ್ಲಾಗಿನಲ್ಲಿ ಬರೆಯಲಾ ಎಂದು ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು, ಊರು ಹಾಕಬೇಡ" ಎಂದಳು. ಹಾಕಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಹೊರಟಿದ್ದೆವು. ನಾಲ್ಕು ಗಂಟೆಯ ದಾರಿ. ಅರ್ಧ ದಾರಿ ಕಳೆದಿರಬೇಕು, ಹಿಂದಿನ ಸೀಟಿನಿಂದ ಒಬ್ಬ ಪುಟ್ಟ ಹುಡುಗ ಕೂಗಿದ. "ಅಮ್ಮಾ, ಒಂದಕ್ಕೆ! ತಡೆಯೋಕಾಗಲ್ಲ!" ಐದು ವರ್ಷ ಇರಬಹುದು. ಇಡೀ ಬಸ್ಸು ನಕ್ಕಿತು. "ಪಾಪ, ಮಗು ಕಣ್ರೀ, ಸ್ವಲ್ಪ ನಿಲ್ಸಿ" ಎಂದು ನಾಲ್ಕೈದು ಜನ ಡ್ರೈವರಿಗೆ ಹೇಳಿದರು. ಬಸ್ಸು ನಿಂತಿತು. ಹುಡುಗ ಇಳಿದವನೇ ಚಕ್ರದ ಪಕ್ಕದಲ್ಲೇ ನಿಂತ. ಕಿಟಕಿಯಿಂದ ಅಜ್ಜಿಯೊಬ್ಬರು, "ಪೂರ್ತಿ ಮಾಡ್ಕೋ ಪುಟ್ಟಾ, ಅವಸರ ಏನಿಲ್ಲ" ಎಂದರು.

ಹೇಗೂ ನಿಂತಿದೆಯಲ್ಲಾ ಎಂದು ಗಂಡಸರು ಆರೇಳು ಜನ ಇಳಿದೆವು. ಹೌದು, ನಾನೂ ಇಳಿದೆ. ಇಪ್ಪತ್ತು ಹೆಜ್ಜೆ ನಡೆದು ರಸ್ತೆಗೆ ಬೆನ್ನು ಮಾಡಿ ನಿಂತೆವು. ನಮ್ಮನ್ನು ನೋಡಿ ಯಾರೂ ನಗಲಿಲ್ಲ, ಯಾರೂ ಬೈಯಲೂ ಇಲ್ಲ. ಒಂದಿಬ್ಬರು ಮುಖ ತಿರುಗಿಸಿಕೊಂಡರು, ಅಷ್ಟೇ. ಹೆಂಗಸರು ಒಬ್ಬರೂ ಇಳಿಯಲಿಲ್ಲ. ಸುತ್ತ ಬರೀ ಬಯಲು. ಮರೆಗೆ ಒಂದು ಪೊದೆಯೂ ಇರಲಿಲ್ಲ.

ನಾನು ವಾಪಸ್ ಬಂದಾಗ ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಬಂದಿರಬೇಕು ಅಂದುಕೊಂಡೆ. ಒಂದು ಮಾತು ಕೇಳಲಿಲ್ಲ.

ಊರು ಮುಟ್ಟಿದ ಕೂಡಲೇ ಅವಳು ಎಲ್ಲರಿಗಿಂತ ಮುಂಚೆ ಇಳಿದಳು. ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದಕೈ ಯಾರ ಹತ್ತಿರ ಇದೆ ಎಂದು ನಾನು ಹುಡುಕಿಕೊಂಡು ಓಡಿದೆ. ಬರುವಷ್ಟರಲ್ಲಿ ನಿಂತಲ್ಲೇ ಆಗಿಹೋಗಿತ್ತು. ಪಕ್ಕದಲ್ಲಿದ್ದವನೊಬ್ಬ "ಛೀ" ಎಂದು ಬ್ಯಾಗು ಎತ್ತಿಕೊಂಡು ದೂರ ಸರಿದ. ಗುರುತಿಲ್ಲದ ಹೆಂಗಸೊಬ್ಬರು ಮಾತ್ರ ಬಂದು ಅಮ್ಮನಿಗೆ ಮರೆಯಾಗಿ ನಿಂತರು. ನಾನು ಆಟೋ ತರುವ ತನಕ ಅಲ್ಲಿಂದ ಕದಲಲಿಲ್ಲ. ಅವರಿಗೆ ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ ನಾನು.

ಅಮ್ಮನಿಗೆ 68. ದಾರಿಯಲ್ಲಿ ಒಂದೇ ಮಾತು ಆಡಿದಳು. "ಮಗು ಆಗಿದ್ದಿದ್ರೆ ಚಡ್ಡಿ ಬದಲಾಯಿಸಿ ಎತ್ಕೊಂಡು ಹೋಗ್ತಿದ್ರಿ, ಅಲ್ವಾ?"

ಸಂಜೆ ಅವಳ ಮಾತ್ರೆ ಡಬ್ಬಿ ನೋಡಿದೆ. ಬೆಳಗಿನ ನೀರಿನ ಮಾತ್ರೆ ಹಾಗೇ ಇತ್ತು. ಬಿಪಿಗೆ ಕೊಟ್ಟಿರುವ ಮಾತ್ರೆ ಅದು. ಮೈಯಲ್ಲಿ ಜಾಸ್ತಿಯಾದ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕೇಳಿದರೆ, "ಪ್ರಯಾಣ ಇದ್ದ ದಿನ ನಾನು ಅದನ್ನ ತಗೊಳಲ್ಲ ಕಣೋ" ಎಂದಳು. ಎಷ್ಟೋ ವರ್ಷದಿಂದ ಹೀಗೇ ಅಂತೆ. ನೀರೂ ಕುಡಿಯುವುದಿಲ್ಲ. ಹೋದ ವರ್ಷ ಎರಡು ಸಲ ಉರಿಮೂತ್ರ, ಸೋಂಕು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮೂತ್ರಚೀಲದಿಂದ ಹೊರಗೆ ಬರುವ ನಾಳ ಹೆಂಗಸರದ್ದು ಸುಮಾರು 4 ಸೆಂಟಿಮೀಟರ್ ಅಷ್ಟೇ. ಗಂಡಸರದ್ದು ಅದರ ಐದು ಪಟ್ಟು ಉದ್ದ. ಹಾಗಾಗಿ ಹೆಂಗಸರಿಗೆ ಸೋಂಕು ಬೇಗ ಒಳಗೆ ಹೋಗುತ್ತದೆ. ನೀರು ಕುಡಿಯದೆ, ತಡೆದು ಕೂತರೆ ಇನ್ನೂ ಸುಲಭ. ಡಾಕ್ಟರ್ ಚೆನ್ನಾಗಿ ನೀರು ಕುಡಿಸಿ ಎಂದಿದ್ದರು. ನಾನು ತಲೆಯಾಡಿಸಿದ್ದೆ. ಯಾಕೆ ಕುಡಿಯುತ್ತಿಲ್ಲ ಎಂದು ಅಮ್ಮನನ್ನು ಕೇಳಿರಲಿಲ್ಲ.

ಆ ಹುಡುಗನ ಮೇಲೆ ನನಗೆ ಬೇಸರ ಇಲ್ಲ. ಅವನಿಗೆ ನಿಲ್ಲಿಸಿದ್ದು ಸರಿ. ಮಕ್ಕಳ ಮೂತ್ರಚೀಲದ ಅಳತೆಗೆ ಡಾಕ್ಟರುಗಳು ಒಂದು ಸುಲಭ ಲೆಕ್ಕ ಇಟ್ಟುಕೊಂಡಿರುತ್ತಾರೆ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸುವುದು. ಐದು ವರ್ಷಕ್ಕೆ 180 ಮಿಲಿಲೀಟರ್, ಒಂದು ಲೋಟದಷ್ಟು. ದೊಡ್ಡವರದ್ದು 400ರಿಂದ 500. ಮೊದಲ ಒಂದೂವರೆ ಎರಡು ವರ್ಷ ಮಗುವಿಗೆ ಹಿಡಿತವೇ ಇರುವುದಿಲ್ಲ. ಹಗಲಿನ ಹಿಡಿತ ಬರುವಷ್ಟರಲ್ಲಿ ಮೂರು, ನಾಲ್ಕು ವರ್ಷ ಆಗಿರುತ್ತದೆ. ಇದು ಎಲ್ಲರಿಗೂ ಗೊತ್ತು, ಅದಕ್ಕೇ ಮಗುವನ್ನು ಯಾರೂ ಬೈಯುವುದಿಲ್ಲ.

ಬಂದ ಹಿಡಿತ ಮತ್ತೆ ಸಡಿಲವಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೆರಿಗೆಯಾದ ಮೇಲೆ, ಮುಟ್ಟು ನಿಂತ ಮೇಲೆ, ಶುಗರ್ ಬಂದ ಮೇಲೆ. ಗಂಡಸರಿಗೂ ಐವತ್ತು ದಾಟಿದ ಮೇಲೆ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಪದೇ ಪದೇ ಹೋಗಬೇಕಾಗುವುದು ತುಂಬಾ ಸಾಮಾನ್ಯ. ತಡೆಯೋಕಾಗಲ್ಲ ಎಂದು ಆ ಹುಡುಗ ಕೂಗಿದ್ದು ಅಮ್ಮನ ಮಾತೂ ಆಗಿತ್ತು. ಅವಳಿಗೆ ಕೂಗಲು ಆಗಲಿಲ್ಲ.

ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ ಉಚ್ಚೆ ಹೊಯ್ಯುವ ಹುಡುಗನ ಕಂಚಿನ ಬೊಂಬೆ ಇದೆ. ಮೊದಲು ಮಾಡಿಸಿದ್ದು 1619ರಲ್ಲಿ, ಈಗ ಅಲ್ಲಿ ನಿಂತಿರುವುದು ಅದರ ನಕಲು. ಊರಿಗೇ ಅದು ಹೆಮ್ಮೆ. ಹಬ್ಬ ಬಂದರೆ ಬಟ್ಟೆ ತೊಡಿಸುತ್ತಾರೆ. ಹಾಗೇ ಕೂತ ಹುಡುಗಿಯ ಬೊಂಬೆ ಅಲ್ಲಿ ಬಂದದ್ದು 1987ರಲ್ಲಿ, ಅದೂ ಒಂದು ಸಂದಿಯಲ್ಲಿ, ಕಬ್ಬಿಣದ ಸರಳುಗಳ ಹಿಂದೆ. ಆಮ್‌ಸ್ಟರ್‌ಡ್ಯಾಮಿನದು ಇನ್ನೂ ಇತ್ತೀಚಿನ ಕತೆ. ರಸ್ತೆ ಬದಿ ಕೂತ ಹೆಂಗಸೊಬ್ಬಳಿಗೆ ದಂಡ ಬಿತ್ತು. 2017ರಲ್ಲಿ ಅದು ಕೋರ್ಟಿಗೆ ಹೋದಾಗ, ಗಂಡಸರ ಮೂತ್ರಾಲಯವನ್ನು ಬಳಸಬಹುದಿತ್ತಲ್ಲಾ ಎಂದರು ನ್ಯಾಯಾಧೀಶರು. ಊರಿನಲ್ಲಿ ಗಂಡಸರಿಗೆ ಇದ್ದದ್ದು 35, ಹೆಂಗಸರಿಗೆ 3. ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದರು. ಇದನ್ನು ಹಿಂದೆ ಓದಿದ್ದೆ. ಓದಿ ಮರೆತಿದ್ದೆ.

ಹಾಗೆಂದು ದೊಡ್ಡವರು ಎಲ್ಲಿ ಬೇಕಾದರೂ ಹೋಗಬಹುದು ಎಂದು ನಾನು ಹೇಳುತ್ತಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ತೆರೆದ ಶೌಚಾಲಯ ಇದ್ದರೂ ಗೋಡೆ ಹುಡುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೂತ್ರದ ಉಪ್ಪು ಕಲ್ಲನ್ನೂ ತಿನ್ನುತ್ತದೆ. ಜರ್ಮನಿಯ ಉಲ್ಮ್ ಊರಿನ ಚರ್ಚಿನ ಗೋಪುರ 161 ಮೀಟರಿಗೂ ಎತ್ತರ. ಅದರ ಬುಡದ ಕಲ್ಲೇ ಇದರಿಂದ ಹಾಳಾಗುತ್ತಿದೆ ಎಂದು 2016ರಲ್ಲಿ ಸುದ್ದಿಯಾಗಿತ್ತು. ಆದರೆ ಬೇರೆ ದಾರಿ ಇದ್ದೂ ಮಾಡಿದವರು, ಇಲ್ಲದೆ ಮಾಡಿದವರು ಬೇರೆ ಬೇರೆ. "ಛೀ" ಎಂದವನಿಗೆ ಬಾಗಿಲಿನ ಬೀಗ ಕಾಣಿಸಿರಲಿಲ್ಲ. ಬಸ್ಸಿನಲ್ಲಿ ನನಗೂ ಏನೂ ಕಾಣಿಸಿರಲಿಲ್ಲ.

ನನ್ನ ಮಗಳಿಗೆ ನಾಲ್ಕೂವರೆ. "ಈಗಲೇ ಹೋಗಿ ಬಾ, ದಾರಿಯಲ್ಲಿ ಕೇಳಬಾರದು" ಎಂದು ಎಲ್ಲಿಗೆ ಹೊರಟಾಗಲೂ ಅವಳಿಗೆ ಹೇಳುತ್ತೇನೆ. ಅವಳಿಗಿಂತ ಎರಡು ವರ್ಷ ದೊಡ್ಡವನು ನನ್ನ ತಂಗಿಯ ಮಗ. ಅವನಿಗೆ ಒಮ್ಮೆಯೂ ಹೀಗೆ ಹೇಳಿದ ನೆನಪಿಲ್ಲ. ಅವನು ಕೇಳಿದರೆ ಗಾಡಿ ನಿಲ್ಲಿಸುತ್ತೇನೆ.

ಗುರುವಾರ ವಾಪಸ್ ಹೋಗಬೇಕು. ಈ ಸಲ ಮಾತ್ರೆ ಬಿಡಬೇಡ, ನೀರು ಕುಡಿ, ಶೌಚಾಲಯ ಇರುವ ಕಡೆ ಬಸ್ಸು ನಿಲ್ಲಿಸಲು ಡ್ರೈವರ್ ಹತ್ತಿರ ನಾನೇ ಹೇಳುತ್ತೇನೆ ಎಂದೆ. ಮಲಗಲು ಹೊರಟವಳು ಬಾಗಿಲ ಹತ್ತಿರ ನಿಂತಳು.

"ಹತ್ತೋ ಮುಂಚೆನೇ ಹೇಳು. ಮೆಲ್ಲಗೆ ಹೇಳು" ಎಂದಳು. ಆಮೇಲೆ, "ಹೊಟ್ಟೆನೋವು ಅಂತ ಹೇಳು" ಎಂದಳು.