ಅತ್ತೆಯ ಸಕ್ಕರೆ, ನಾಲ್ಕು ಫೋನು

ಬೆಳಿಗ್ಗೆ ಎಂಟೂವರೆಗೆ ಫೋನು ಬಡಿದುಕೊಂಡರೆ ನೋಡದೆಯೇ ಹೇಳುತ್ತಿದ್ದೆ, ಬೆಂಗಳೂರಿನ ಮೈದುನ ಅಂತ. ‘ವೈನಿ, ಅವ್ವಂದು 214 ತೋರಸಾಕತ್ತೈತಿ. ನಾಷ್ಟಾಕ್ಕ ಏನ್ ಮಾಡಿದ್ರಿ?’

ಮಂಡಾಳಿನ ಸುಸಲಾ ಮಾಡಿದ್ದೆ. ಕೊಪ್ಪಳದಲ್ಲಿ ಇನ್ನೇನು ಮಾಡಲಿ?

ಅತ್ತೆಗೆ ಇನ್ಸುಲಿನ್ ಶುರುವಾಗಿ ಒಂಬತ್ತು ವರ್ಷ. ಕಳೆದ ದೀಪಾವಳಿ ಹೊತ್ತಿಗೆ ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಹಾಕಿಸಿದೆವು. ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿ ಬಿಲ್ಲೆ. 14 ದಿನಕ್ಕೊಮ್ಮೆ ಬದಲಿಸಬೇಕು. ಅದರಿಂದ ನಂಬರು ಅತ್ತೆಯ ಫೋನಿಗೆ, ಅಲ್ಲಿಂದ ನೆಟ್ ಮೂಲಕ ನನಗೆ, ನಮ್ಮ ಮನೆಯವರಿಗೆ, ಗಂಗಾವತಿಯ ನಾದಿನಿಗೆ, ಮೈದುನನಿಗೆ. ಅತ್ತೆಯ ಸಕ್ಕರೆ ಅವರದಲ್ಲದೆ ಇನ್ನೂ ನಾಲ್ಕು ಫೋನಿನಲ್ಲಿ.

ಉಪಕಾರ ಆಗಿಲ್ಲ ಅಂತ ಹೇಳಿದರೆ ನಾಲಿಗೆ ಬಿದ್ದು ಹೋದೀತು. ಮೊದಲು ರಾತ್ರಿ ಎರಡಕ್ಕೆ ಎದ್ದು ಅತ್ತೆಯ ಹಣೆ ಮುಟ್ಟಿ ಬೆವರಿದೆಯಾ ಅಂತ ನೋಡುತ್ತಿದ್ದೆ. ಈಗ 70ಕ್ಕಿಂತ ಇಳಿದರೆ ಅದೇ ಕೂಗುತ್ತದೆ. ಆ ಮಗ್ಗುಲಿಗೆ ಮಲಗಿ ಬಿಲ್ಲೆ ಒತ್ತಿದರೆ ಸುಮ್ಸುಮ್ನೆ ಕಡಿಮೆ ತೋರಿಸುತ್ತದೆ, ಅದು ಬೇರೆ ಮಾತು. ಆದರೆ ಆ ನಂಬರಿನಲ್ಲಿ ಸುಸಲಾ ಮಾಡಿದವಳು ಕಾಣುತ್ತಾಳೆ, ರಾತ್ರಿ ಎದ್ದವಳು ಕಾಣುವುದಿಲ್ಲ. ಅತ್ತೆಯ ಸಕ್ಕರೆ ನನ್ನ ಮಾರ್ಕ್ಸ್ ಕಾರ್ಡ್ ಆಗಿಬಿಟ್ಟಿತ್ತು.

ಜನವರಿಯಲ್ಲಿ ಗವಿಮಠದ ಜಾತ್ರೆ ಬಂತು. ತೇರಿನ ಮರುದಿನ ಅತ್ತೆ ಓಣಿಯ ಹೆಂಗಸರ ಜೊತೆ ಹೊರಟರು. ಇನ್ಸುಲಿನ್ ಚುಚ್ಚಿಸಿಕೊಂಡವರು ‘ದಾಸೋಹದಾಗ ಉಣ್ಣೂದೈತಿ’ ಅಂತ ಬರೀ ಅರ್ಧ ರೊಟ್ಟಿ ತಿಂದಿದ್ದರು. ಮೇಲೆ ಬಿಸಿಲಲ್ಲಿ ನಡಿಗೆ. ಹನ್ನೆರಡೂವರೆಗೆ ನನ್ನ ಫೋನಿನಲ್ಲಿ 84, ಪಕ್ಕದಲ್ಲಿ ಕೆಳಮುಖದ ಬಾಣ. ಆಮೇಲೆ ಏನೂ ಇಲ್ಲ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಎಲ್ಲಿಂದ ಬರಬೇಕು?

ಅತ್ತೆಗೆ ಫೋನು ಹತ್ತಲಿಲ್ಲ. ಮೈದುನನದು ಮಾತ್ರ ಹತ್ತಿತು. ‘ಬಾಣ ಕೆಳಗೈತಿ ವೈನಿ, ಮುಂದ ಏನೂ ಬರವಲ್ದು! ಒಬ್ಬಾಕಿನ್ನ ಯಾಕ ಬಿಟ್ರಿ?’ ಉತ್ತರ ಕೊಡುವ ವ್ಯವಧಾನ ಇರಲಿಲ್ಲ. ಗ್ಲುಕೋಮೀಟರ್ ಚೀಲಕ್ಕೆ ಹಾಕಿಕೊಂಡು ಓಡಿದೆ.

ರೊಟ್ಟಿ ಹೊತ್ತು ತಂದ ಟ್ರ್ಯಾಕ್ಟರುಗಳ ಸಂದಿಯಲ್ಲಿ ನುಗ್ಗಿ, ಊಟದ ಸಾಲು ಸಾಲು ಹುಡುಕಿದೆ. ಸಿಕ್ಕರು. ಕಾಲು ಮಡಚಿ ಆರಾಮಾಗಿ ಕೂತಿದ್ದರು. ತಾಟಿನಲ್ಲಿ ರೊಟ್ಟಿ, ಕಾಳು ಪಲ್ಯ, ಒಂದು ಮುಟಗಿ ಸಿಹಿ ಮಾದಲಿ. ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದರು, ಬೆಲ್ಲದ ಪುಡಿ ಅಂಟಿತ್ತು.

‘ಕಣ್ಣಿಗೆ ಕತ್ತಲ ಬಂದಂಗಾತು, ಕೈ ನಡುಗಿದ್ವು. ಬೆಲ್ಲ ಬಾಯಾಗ ಹಾಕ್ಕೊಂಡೆ. ಎಷ್ಟ್ ವರ್ಷ ಆತು, ನನಗ ತಿಳಿಯಂಗಿಲ್ಲೇನು?’

ಅವರ ಫೋನಿನಲ್ಲಿ ಇನ್ನೂ 68. ಕೂಗಿರಬೇಕು, ಆ ಗದ್ದಲದಲ್ಲಿ ಯಾರಿಗೆ ಕೇಳೀತು. ಬೆರಳು ಚುಚ್ಚಿ ನೋಡಿದರೆ 96. ಸೆನ್ಸರ್ ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ನೀರನ್ನು. ಹಾಗಾಗಿ ಐದ್ಹತ್ತು ನಿಮಿಷ ಹಿಂದೆ ಬೀಳುತ್ತದೆ. ಗೊತ್ತಿದ್ದ ವಿಷಯವೇ, ಓಡುವಾಗ ಮರೆತಿದ್ದೆ.

ಮೈದುನನಿಗೆ ಹೇಳೋಣವೆಂದರೆ ಫೋನು ಹೋಗಲಿಲ್ಲ. ಎರಡು ಸಲ ನೋಡಿ ಚೀಲಕ್ಕೆ ಹಾಕಿದೆ. ಅತ್ತೆ ಸರಿದು ಜಾಗ ಮಾಡಿದರು. ಬಡಿಸುವ ಹುಡುಗ ನನಗೂ ಮಾದಲಿ ಹಾಕಿದ. ‘ಇನ್ನೊಂದ್ ಚೂರು ಹಾಕೋ ತಮ್ಮಾ’ ಅಂತ ಅತ್ತೆ ತಮ್ಮ ತಾಟು ಮುಂದೆ ಮಾಡಿದರು. ನಾನು ಬೇಡ ಅನ್ನಲಿಲ್ಲ. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ಕೂತು ಹೊಟ್ಟೆ ತುಂಬ ಉಂಡೆವು.

ಸಂಜೆ ಮನೆಗೆ ಬಂದ ಕೂಡಲೇ ಅಷ್ಟೂ ಹೊತ್ತಿನ ಸಕ್ಕರೆಯ ಗೆರೆ ಫೋನಿನಲ್ಲಿ ಒಮ್ಮೆಲೇ ತುಂಬಿಕೊಂಡಿತು. 62ಕ್ಕೆ ಇಳಿದು, ಆಮೇಲೆ ಥೇಟ್ ಗವಿಮಠದ ಗುಡ್ಡದ ಹಾಗೆ 260ಕ್ಕೆ ಏರಿತ್ತು. ಫೋನು ಬಂದೇ ಬಂತು. ಈ ಸಲ ಅತ್ತೆ ನನ್ನ ಕೈಯಿಂದ ಕಸಿದುಕೊಂಡರು.

‘ಅದು ಗವಿಮಠದ ಅಜ್ಜನ ಪ್ರಸಾದಪಾ. ನಿನಗ ಅಷ್ಟು ಕಾಳಜಿ ಇದ್ರ ನಾಕ್ ದಿನ ಬಂದು ಇರು, ನೀನ ರೊಟ್ಟಿ ಬಡಿ.’

ಅವತ್ತು ರಾತ್ರಿ ನಮ್ಮ ಮನೆಯವರು ತಮ್ಮನಿಗೂ ತಂಗಿಗೂ ಫೋನು ಮಾಡಿ ಹೆಚ್ಚಾದಾಗಿನ ಅಲಾರಂ ತೆಗೆಸಿದರು. ಕಡಿಮೆಯಾದರೆ ಮಾತ್ರ ಕೂಗಲಿ, ಉಳಿದದ್ದು ಡಾಕ್ಟರ ಹತ್ತಿರ ಹೋದಾಗ ನೋಡಿದರಾಯಿತು ಅಂತ. ನಾದಿನಿ ತುಸು ಮುನಿಸಿಕೊಂಡಳು.

ಮೊನ್ನೆ ಮತ್ತೆ ಬೆಳಿಗ್ಗೆ ಎಂಟೂವರೆಗೆ ಫೋನು ಬಂತು. ಎದೆ ಧಸಕ್ಕೆಂದಿತು.

‘ವೈನಿ, ಮಾದಲಿ ಹೆಂಗ ಮಾಡ್ತಾರ?’