ಅಮೋನಿಯಾದಲ್ಲಿ ಓಎಚ್ ಎಲ್ಲಿದೆ ಸರ್?

ಫಸ್ಟ್ ಪಿಯುಸಿ ಕ್ಲಾಸಲ್ಲಿ ಆಮ್ಲ, ಪ್ರತ್ಯಾಮ್ಲದ ವ್ಯಾಖ್ಯೆಗಳು ಅಂದ್ರೆ ಸಾಮಾನ್ಯವಾಗಿ ಬಾಯಿಪಾಠ. ಅರೀನಿಯಸ್, ಬ್ರಾನ್‌ಸ್ಟೆಡ್-ಲೌರಿ, ಲೂಯಿಸ್ ಅಂತ ವಿಜ್ಞಾನಿಗಳ ಹೆಸರಲ್ಲಿ ಸಾಲಾಗಿ ಬರೆಸಿದರೆ ಮುಗೀತು. ಈ ಸಲ ಅರೀನಿಯಸ್ ದಾಟುವ ಮುಂಚೆಯೇ ಒಬ್ಬ ಹುಡುಗಿ ಎದ್ದು ನಿಂತಳು.

"ನೀರಲ್ಲಿ ಓಎಚ್, ಅಂದ್ರೆ ಹೈಡ್ರಾಕ್ಸೈಡ್ ಅಯಾನು ಬಿಡೋದು ಪ್ರತ್ಯಾಮ್ಲ ಅಂದ್ರಿ. ಅಮೋನಿಯಾದಲ್ಲಿ ಓಎಚ್ಚೇ ಇಲ್ವಲ್ಲ ಸರ್?"

ಅಮೋನಿಯಂ ಹೈಡ್ರಾಕ್ಸೈಡ್ ಅಂತ ಬರೆದು ಪಾರಾಗಬಹುದಿತ್ತು. ಬಾಟಲಿಯ ಚೀಟಿಯ ಮೇಲೂ ಹಾಗೇ ಇರುತ್ತೆ. ಆದರೆ ಒಳಗಿರುವುದು ನೀರಲ್ಲಿ ಕರಗಿದ ಅಮೋನಿಯಾ. ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದೆ.

ಗಾಜಿನ ಕಡ್ಡಿಯನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಅಮೋನಿಯಾ ಬಾಟಲಿಯ ಬಾಯಿ ಹತ್ತಿರ ಹಿಡಿದೆ. ದಟ್ಟವಾದ ಬಿಳಿ ಹೊಗೆ ಎದ್ದಿತು. ಅದು ಅಮೋನಿಯಂ ಕ್ಲೋರೈಡ್. ಎರಡು ಬಾಟಲಿ ಅಕ್ಕಪಕ್ಕ ಇಟ್ಟರೆ ಕಪಾಟಿನ ಗಾಜಿಗೆ ಬಿಳಿ ಪುಡಿ ಮೆತ್ತಿಕೊಳ್ಳುವುದೂ ಇದರಿಂದಲೇ.

"ಬಾಟಲಿ ಒಳಗೆ ನೀರಿದೆಯಲ್ಲ ಸರ್" ಅಂತ ಇನ್ನೊಬ್ಬ ಕೊಕ್ಕೆ ಹಾಕಿದ. ಇದೆ. ಆದರೆ ಕೂಡಿಕೊಂಡದ್ದು ಹೊರಗೆ, ಗಾಳಿಯಲ್ಲಿ, ಎರಡು ಅನಿಲಗಳು. ಆಮ್ಲದಿಂದ ಎದ್ದ ಅನಿಲ ಪ್ರೋಟಾನ್ (ಹೈಡ್ರೋಜನ್ ಅಯಾನು) ಕೊಟ್ಟಿತು, ಅಮೋನಿಯಾ ತಗೊಂಡಿತು. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್, ಇಂಗ್ಲೆಂಡಿನ ಲೌರಿ ಬೇರೆಬೇರೆಯಾಗಿ ಹೇಳಿದ್ದು ಇದನ್ನೇ: ಪ್ರೋಟಾನ್ ಕೊಡೋದು ಆಮ್ಲ, ತಗೊಳ್ಳೋದು ಪ್ರತ್ಯಾಮ್ಲ. ಈ ವ್ಯಾಖ್ಯೆಯಲ್ಲಿ ನೀರಿಗೆ ಎರಡು ವೇಷ: ಅಮೋನಿಯಾ ಎದುರು ಆಮ್ಲ, ಹೈಡ್ರೋಕ್ಲೋರಿಕ್ ಆಮ್ಲದ ಎದುರು ಪ್ರತ್ಯಾಮ್ಲ.

ಲೂಯಿಸ್‌ಗೆ ಕೇರಂ ಪೌಡರ್ ಉದಾಹರಣೆ ಕೊಟ್ಟೆ. ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಆಮ್ಲದಲ್ಲಿ ಮೂರು ಹೈಡ್ರೋಜನ್ ಇವೆ. ನೀರಿಗೆ ಹಾಕಿದರೆ ಅವನ್ನು ಅದು ಬಿಡುವುದಿಲ್ಲ. ಬೋರಾನ್‌ಗೆ ಎಲೆಕ್ಟ್ರಾನ್ ಕಮ್ಮಿ. ಹಾಗಾಗಿ ನೀರಿನ ಓಎಚ್ ಅನ್ನೇ ಅದರ ಎಲೆಕ್ಟ್ರಾನ್ ಜೋಡಿ ಸಮೇತ ಎಳೆದುಕೊಳ್ಳುತ್ತೆ, ಪ್ರೋಟಾನ್ ನೀರಿನದ್ದೇ ಉಳಿಯುತ್ತೆ. ಜೋಡಿ ತಗೊಳ್ಳೋದು ಆಮ್ಲ, ಕೊಡೋದು ಪ್ರತ್ಯಾಮ್ಲ ಅಂತ ಲೂಯಿಸ್ ಹೇಳಿದ್ದೂ 1923ರಲ್ಲೇ.

"ಹಾಗಾದ್ರೆ ಅರೀನಿಯಸ್ ತಪ್ಪಾ?" ಅದೇ ಹುಡುಗಿ.

ತಪ್ಪಲ್ಲ. ಟೈಟ್ರೇಶನ್ (ಆಮ್ಲಕ್ಕೆ ಎಷ್ಟು ಪ್ರತ್ಯಾಮ್ಲ ಬೇಕು ಅಂತ ಅಳೆಯೋದು) ಮಾಡುವಾಗ ನನಗೆ ಇವತ್ತಿಗೂ ಅರೀನಿಯಸ್ಸೇ ಸಾಕು. ಆಮ್ಲೀಯತೆ ಸುಲಭಕ್ಕೆ ಬದಲಾಗದ ಬಫರ್ ದ್ರಾವಣದ ಲೆಕ್ಕಕ್ಕೆ ಬ್ರಾನ್‌ಸ್ಟೆಡ್ ಬೇಕು. ಹೈಡ್ರೋಜನ್ನೇ ಇಲ್ಲದ ಅಲ್ಯುಮಿನಿಯಂ ಕ್ಲೋರೈಡ್ ಬಂದರೆ ಲೂಯಿಸ್ ಇಲ್ಲದೆ ಆಗಲ್ಲ. ಒಬ್ಬರನ್ನು ಸೋಲಿಸಿ ಇನ್ನೊಬ್ಬರು ಗೆದ್ದ ಹಾಗೆ ಪಾಠ ಮಾಡುವುದು ನನಗೆ ಸರಿಬರಲ್ಲ.

ಬೆಲ್ ಹೊಡೆಯಿತು. ಹೊರಡುವಾಗ ಅವಳದ್ದು ಇನ್ನೊಂದು: "ಪರೀಕ್ಷೇಲಿ ಸುಮ್ನೆ 'ಆಮ್ಲ ಎಂದರೇನು' ಅಂತ ಕೇಳಿದ್ರೆ?"

"ಯಾರ ಪ್ರಕಾರ ಅಂತ ಮೊದಲು ಬರಿ. ಆಮೇಲೆ ವ್ಯಾಖ್ಯೆ ಬರಿ" ಅಂದೆ.