ನಲವತ್ತು ಜನರ ಊರಿಗೆ ಶೇಕಡಾ ಲೆಕ್ಕ ಹಾಕಬೇಡಿ

ಸರ್ಕಾರಿ ಶಾಲೆಯ ಮಾಸ್ತರಿಗೆ ಪಾಠ ಹೇಳುವುದರ ಜೊತೆಗೆ ಚುನಾವಣೆ, ಮತದಾರರ ಪಟ್ಟಿ, ಜನಗಣತಿ ಎಲ್ಲವೂ ಇರುತ್ತವೆ. 2011ರ ಜನಗಣತಿಯಲ್ಲಿ ನನ್ನ ಪಾಲಿಗೆ ಬಂದದ್ದು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಬ್ಲಾಕು, ಅಂದರೆ ಒಬ್ಬ ಗಣತಿದಾರ ಎಣಿಸಬೇಕಾದ ಪ್ರದೇಶ. ಅದರಲ್ಲಿ ಮುಖ್ಯ ಊರು ಸಲೀಸು. ಸತಾಯಿಸಿದ್ದು ಹೊಳೆಯಾಚೆಯ ಮಜರೆ: ಹತ್ತು ಹನ್ನೆರಡು ಮನೆ, ನಲವತ್ತರ ಆಸುಪಾಸಿನ ಜನ, ಒಂದು ಮನೆಯಿಂದ ಇನ್ನೊಂದಕ್ಕೆ ತೋಟ ದಾಟಿ ಗುಡ್ಡ ಹತ್ತಬೇಕು. ಮುಂದಿನ ಗಣತಿಯ ಲೆಕ್ಕಕ್ಕೆ ಆಧಾರದ ದಿನವಾಗಿ 2027ರ ಮಾರ್ಚ್ 1 ನಿಗದಿಯಾಗಿದೆ. ಇಂಥ ಕಡೆ ಮೊದಲ ಸಲ ಹೋಗುವ ಶಿಕ್ಷಕರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಈ ಮಜರೆಯ ಜನಸಂಖ್ಯೆ ಎಷ್ಟು ಎಂದು ಗಣತಿ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಳ್ಳಿಗಾಡಿನಲ್ಲಿ ಗಣತಿಯ ಲೆಕ್ಕಕ್ಕೆ ಊರು ಅಂದರೆ ಕಂದಾಯ ಗ್ರಾಮ. 2011ರ ಪ್ರಕಾರ ಕರ್ನಾಟಕದಲ್ಲಿ ಅಂಥವು 29,340 ಇದ್ದವು, ಅದರಲ್ಲಿ ಜನವಸತಿ ಇದ್ದದ್ದು 27,397. ಉಳಿದವು ಬೇಚರಾಕ್. ನಕ್ಷೆಯಲ್ಲಿ ಗಡಿ ಇದೆ, ಹೆಸರಿದೆ, ಒಬ್ಬ ಮನುಷ್ಯನೂ ಇಲ್ಲ. ಇತ್ತ ಜನ ತಲೆಮಾರುಗಳಿಂದ ಬಾಳುತ್ತಿರುವ ಎಷ್ಟೋ ಮಜರೆ, ತಾಂಡಾ, ಹಾಡಿಗಳು ಯಾವುದೋ ದೊಡ್ಡ ಊರಿನ ಸಾಲಿನೊಳಗೆ ಕರಗಿಹೋಗಿರುತ್ತವೆ. ಗ್ರಾಮದಲ್ಲಿ ಶಾಲೆ ಇದೆ ಎಂದು ಪುಸ್ತಕ ಹೇಳಿದರೆ ಅದು ಹೊಳೆಯ ಈಚೆಗಿರುವ ಶಾಲೆ. ಆಚೆಯ ಮಕ್ಕಳಿಗೆ ಜುಲೈ ತಿಂಗಳಲ್ಲಿ ಆ ಶಾಲೆ ಇದ್ದೂ ಇಲ್ಲ. ಹೊಳೆ ದಾಟುವ ಕಾಲುಸಂಕದ (ಕಿರುಸೇತುವೆಯ) ಮೇಲೆ ನೀರು ಹರಿದ ದಿನ ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆಲ್ಲ ಗೈರು ಬರೆಯುವವನು ನಾನೇ, ಹಾಗಾಗಿ ಇದನ್ನು ಯಾರೂ ನನಗೆ ವಿವರಿಸಿ ಹೇಳಬೇಕಾಗಲಿಲ್ಲ.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಜನ ಸುಳ್ಳು ಹೇಳುತ್ತಾರೆಂದಲ್ಲ, ಅವರ ಲೆಕ್ಕವೇ ಬೇರೆ. ಒಂದು ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇದ್ದರು. ಅಮ್ಮ ಐದು ಹೆಸರು ಬರೆಸಿದರು: ಬೆಂಗಳೂರಿನ ಮಗ, ಸೊಸೆ, ಮೊಮ್ಮಗು ಸೇರಿ. ರೇಷನ್ ಕಾರ್ಡಿನಲ್ಲೂ ಮಗನ ಹೆಸರು ಇನ್ನೂ ಇತ್ತು. ನಿಯಮ ಮಾತ್ರ ಸ್ಪಷ್ಟ: ಆ ಸಲದ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ, ಆ ಅವಧಿಯಲ್ಲಿ ಊರಿಗೆ ಬಾರದವರನ್ನು ಅಲ್ಲಿ ಬರೆಯುವಂತಿಲ್ಲ. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರನ್ನ ಬಿಟ್ಟರೆ ಈ ಮನೆ ಮುಗೀತು ಅಂತ ನೀವೇ ಬರೆದ ಹಾಗಾಗ್ತದಲ್ಲ ಮಾಸ್ತರೇ?” ಅಂದರು. ಅವನನ್ನು ಬೆಂಗಳೂರಿನಲ್ಲಿ ಬರೆದುಕೊಳ್ಳುತ್ತಾರೆ, ಎರಡು ಕಡೆ ಬರೆದರೆ ತಪ್ಪಾಗುತ್ತದೆ ಎಂದು ಸಮಾಧಾನ ಹೇಳಿ ಇಬ್ಬರನ್ನೇ ಬರೆದೆ. ಇಂಥ ಮನೆಗಳಲ್ಲಿ ಅವಸರ ಮಾಡಬೇಡಿ. ಕೊಟ್ಟ ಕಷಾಯ ಕುಡಿದೇ ಏಳಿ.

ಇದಕ್ಕೆ ತದ್ವಿರುದ್ಧವಾದದ್ದೂ ಅದೇ ಮಜರೆಯಲ್ಲಿತ್ತು. ಅಡಿಕೆ ಕೊಯ್ಲು ಮುಗಿಯುತ್ತ ಬಂದಿದ್ದರೂ ಕೆಲಸಕ್ಕೆ ಬಂದ ಕುಟುಂಬ ಇನ್ನೂ ತೋಟದ ಪಕ್ಕದ ಬಿಡಾರದಲ್ಲಿತ್ತು. ಅವರ ಸುದ್ದಿಯನ್ನು ಮನೆಯವರು ಎತ್ತಲೇ ಇಲ್ಲ. ಕೇಳಿದ್ದು ‘ನಿಮ್ಮ ಮನೆಯಲ್ಲಿ’ ಅಂತ ತಾನೆ, ಅವರು ಮನೆಯವರಲ್ಲವಲ್ಲ! ಗಣತಿಯಲ್ಲಿ ಕುಟುಂಬ ಅಂದರೆ ಒಂದೇ ಅಡುಗೆಯಲ್ಲಿ ಉಣ್ಣುವವರು. ಅಲ್ಲಿಂದ ಮುಂದೆ ನಾನು ಪ್ರತಿ ಮನೆಯಲ್ಲೂ ಕೇಳಿದ್ದು ಒಂದೇ: “ಇನ್ನೆಲ್ಲಾದರೂ ಒಲೆ ಉರೀತದಾ?” ಇದೊಂದು ಪ್ರಶ್ನೆಗೆ ಬಿಡಾರಗಳೂ ಸಿಕ್ಕವು, ಒಂದೇ ಸೂರಿನಡಿ ಅಡುಗೆ ಬೇರೆ ಮಾಡಿಕೊಂಡ ಅಣ್ಣತಮ್ಮಂದಿರೂ ಸಿಕ್ಕರು. ನಲವತ್ತು ಜನರ ಜಾಗದಲ್ಲಿ ಒಂದು ಬಿಡಾರ ತಪ್ಪಿದರೆ ಹತ್ತರಲ್ಲಿ ಒಬ್ಬರು ತಪ್ಪಿದ ಹಾಗೆ.

ಹೆಂಗಸರ ಕೆಲಸದ ಕಾಲಂನಲ್ಲೂ ಹೀಗೆಯೇ. “ಅವಳು ಮನೆಯಲ್ಲೇ ಇರ್ತಾಳೆ” ಎಂದು ಗಂಡಸರು ಜಗುಲಿಯಿಂದಲೇ ಉತ್ತರಿಸುತ್ತಾರೆ. ಅಷ್ಟರಲ್ಲಿ ಆಕೆ ಕೊಟ್ಟಿಗೆಯಿಂದ ಹಾಲಿನ ತಂಬಿಗೆ ಹಿಡಿದು ಬರುತ್ತಿರುತ್ತಾಳೆ. ಬೇಸಾಯವಾಗಲಿ, ಹಾಲು ಕರೆಯುವುದಾಗಲಿ, ಸ್ವಂತ ಬಳಕೆಗೇ ಆದರೂ ಕೆಲಸವೆಂದೇ ಲೆಕ್ಕ ಎಂದು ಸೂಚನೆಯಲ್ಲಿತ್ತು. ವರ್ಷಕ್ಕೆ ಆರು ತಿಂಗಳು ಅಥವಾ ಹೆಚ್ಚು ಮಾಡಿದರೆ ಮುಖ್ಯ ಕೆಲಸಗಾರರು, ಕಡಿಮೆಯಾದರೆ ಅಲ್ಪಾವಧಿಯವರು. ಆಕೆಯನ್ನೇ ಕೇಳಬೇಕು, ಅದೂ ಕೊಟ್ಟಿಗೆಯ ಪ್ರಶ್ನೆಯಾಗಿ: ದನ ಎಷ್ಟು, ಹುಲ್ಲು ತರುವವರು ಯಾರು.

ನೀರಿನ ವಿಷಯ 2010ರ ಮನೆಪಟ್ಟಿ ಕೆಲಸದಲ್ಲೇ ಎದುರಾಗಿತ್ತು. ಕುಡಿಯುವ ನೀರಿನ ಮೂಲ ಯಾವುದು, ಅದು ಆವರಣದ ಒಳಗಿದೆಯೋ ಹತ್ತಿರವೋ ದೂರವೋ ಎಂದು ಎರಡು ಪ್ರಶ್ನೆ. ಹಳ್ಳಿಯಲ್ಲಿ 500 ಮೀಟರ್ ಒಳಗಿದ್ದರೆ ಹತ್ತಿರ. ಈ ಮಜರೆಯಲ್ಲಿ ಗುಡ್ಡದ ಅಬ್ಬಿ ನೀರು ಮನೆ ಬಾಗಿಲಿಗೇ ಬರುತ್ತದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ. ಬಚ್ಚಲ ಹಿಂದಿನ ಕಲ್ಲುಮರಿಗೆಗೆ ಹಗಲೂ ರಾತ್ರಿ ಬೀಳುತ್ತಲೇ ಇರುತ್ತದೆ, ನಲ್ಲಿ ತಿರುಗಿಸುವ ಗೋಜೂ ಇಲ್ಲ. ಹಾಗಾಗಿ ಸ್ಥಳದ ಕಾಲಂನಲ್ಲಿ ‘ಆವರಣದ ಒಳಗೆ’. ಆ ಒಂದು ಕಾಲಂ ನೋಡಿದರೆ ಈ ಮನೆಗೂ ಬೆಂಗಳೂರಿನ ಫ್ಲಾಟಿಗೂ ವ್ಯತ್ಯಾಸ ಕಾಣುವುದಿಲ್ಲ. ಏಪ್ರಿಲ್ ಕೊನೆಗೆ ಅಬ್ಬಿ ಸೊರಗಿ ದಾರ ಎಳೆದ ಹಾಗೆ ಆಗುತ್ತದೆ, ಸರತಿ ಮೇಲೆ ಪೈಪು ತಿರುಗಿಸಿಕೊಳ್ಳುತ್ತಾರೆ, ಜಗಳವೂ ಆಗುತ್ತದೆ. ಅದಕ್ಕೆ ಕಾಲಂ ಇಲ್ಲ. ಇರಬೇಕಿತ್ತು ಎಂದು ದೂರುವುದೂ ಇಲ್ಲ ನಾನು. ದೇಶಕ್ಕೆಲ್ಲ ಒಂದೇ ನಮೂನೆ ಮಾಡುವಾಗ ಇಷ್ಟು ಸೂಕ್ಷ್ಮ ಹಿಡಿಯುವುದು ಆಗದ ಮಾತು. ಓದುವವರಿಗೆ ಗೊತ್ತಿದ್ದರೆ ಸಾಕು.

ಗೊತ್ತಿರಬೇಕಾದವರೇ ಇಲ್ಲಿ ಎಡವುತ್ತಾರೆ. ಒಮ್ಮೆ ತರಬೇತಿಯೊಂದರಲ್ಲಿ ಸಣ್ಣ ಊರುಗಳ ಅಂಕಿಗಳನ್ನೆಲ್ಲ ಶೇಕಡಾ ಮಾಡಿ ಬಣ್ಣದ ನಕ್ಷೆ ತೋರಿಸಿದರು. ನನಗೆ ನಗು ಬಂತು. ಏಳು ವರ್ಷ ತುಂಬದ ಮಕ್ಕಳು ನಾಲ್ಕೇ ಇರುವ ಕಡೆ ಮೂವರು ಗಂಡು, ಒಂದು ಹೆಣ್ಣು ಎಂದಿಟ್ಟುಕೊಳ್ಳಿ. ಸಾವಿರ ಗಂಡುಮಕ್ಕಳಿಗೆ 333 ಹೆಣ್ಣು! ಆ ಹುಡುಗಿಗೆ ಏಳು ತುಂಬಿದ ದಿನ ಅನುಪಾತ ಸೊನ್ನೆ. ಜೊತೆಗೆ ಸಾಕ್ಷರತೆ ಲೆಕ್ಕ ಹಾಕುವುದು ಏಳು ತುಂಬಿದವರಿಗೆ ಆದ್ದರಿಂದ, ಅವಳಿಗೆ ಓದಲು ಬರೆಯಲು ಬಂದರೆ ಅದೇ ದಿನ ಸಾಕ್ಷರತೆ ಏರುತ್ತದೆ. ಊರಲ್ಲಿ ನಡೆದದ್ದು ಒಂದು ಹುಟ್ಟುಹಬ್ಬ, ಅಷ್ಟೇ. ಇಂಥ ಜಾಗದ ವರದಿ ಬರೆಯುವುದಾದರೆ ಮನೆಗಳ ಲೆಕ್ಕದಲ್ಲೇ ಬರೆಯಿರಿ: ಇಷ್ಟು ಮನೆಯಲ್ಲಿ ಮುದುಕರಷ್ಟೇ, ಇಷ್ಟು ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು, ಇಷ್ಟು ಮನೆ ಹೊಳೆ ದಾಟಬೇಕು. ಓದಿದವನಿಗೆ ಏನು ಮಾಡಬೇಕೆಂದು ತಕ್ಷಣ ಹೊಳೆಯುತ್ತದೆ.

ಇಷ್ಟೆಲ್ಲ ಸರಿಯಾಗಿ ಎಣಿಸಿದರೂ ಯೋಜನೆಗಳ ಮಿತಿ ಬೇರೆಯೇ ಇದೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಗೆ ಬಯಲುಸೀಮೆಯಲ್ಲಿ 500 ಜನ, ಗುಡ್ಡಗಾಡು ಎಂದು ಗುರುತಿಸಿದ ಕಡೆ 250 ಜನ ಇರಬೇಕೆಂದಿತ್ತು. ನಮ್ಮ ಪಂಚಾಯತ್ ಕಾಯ್ದೆಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ನಲವತ್ತು ಜನರ ಮಜರೆಗೆ ಹತ್ತನೇ ಒಂದು ಭಾಗ ಸದಸ್ಯ ಸಿಕ್ಕಂತಾಯಿತು. ಅವರ ಕಾಲುಸಂಕದ ಮಾತು ಗ್ರಾಮಸಭೆಗೆ ಬರಬೇಕಾದರೆ ಅವರೇ ಗುಂಪಾಗಿ ಬಂದು ಕೂರಬೇಕು. ಬಂದವರು ಸಂಜೆಗೆ ಮುಂಚೆ ವಾಪಸು ನಡೆಯಬೇಕಾದ್ದರಿಂದ, ಅವರ ಅರ್ಜಿಯನ್ನು ಮೊದಲು ಓದಿ ಎಂದು ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಹೇಳುವುದು ನನ್ನ ರೂಢಿಯಾಯಿತು. ಮಾಸ್ತರರ ಕೈಲಾಗುವುದು ಅಷ್ಟು.

ಕೊನೆಯದಾಗಿ ಗೋಪ್ಯತೆ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ವ್ಯಕ್ತಿಗಳ ವಿವರ ಯಾರಿಗೂ ತೋರಿಸುವಂತಿಲ್ಲ. ದೊಡ್ಡ ಊರಿನಲ್ಲಿ ಇದು ಸುಲಭ. ಹತ್ತು ಮನೆಯ ಜಾಗದಲ್ಲಿ ‘ಒಬ್ಬರು ವಿಧವೆ, ಒಂದು ಮನೆಯಲ್ಲಿ ಶೌಚಾಲಯವಿಲ್ಲ’ ಅಂದರೆ ಸಾಕು, ಹೆಸರು ಹೇಳಿದ ಹಾಗೆಯೇ. ಫಾರಂ ತುಂಬಿ ಇಳಿದು ಬರುವಾಗ ಹಾಲಿನ ಡೈರಿ ಕಟ್ಟೆಯ ಮೇಲೆ ಕೂತವರು ಖಂಡಿತ ಕೇಳುತ್ತಾರೆ, ಮೇಲಿನ ಮನೆಯವರು ಏನೇನು ಬರೆಸಿದರು ಎಂದು. ಅವರಿಗೆ ಮುಕ್ಕಾಲು ಪಾಲು ಮೊದಲೇ ಗೊತ್ತಿರುತ್ತದೆ. ಆದರೂ ಉಳಿದ ಕಾಲು ಭಾಗ ನಿಮ್ಮ ಬಾಯಿಂದ ಹೊರಡಬಾರದು. ಬಸ್ಸಿನ ಹೊತ್ತಾಯಿತು ಎಂದು ನಡೆಯಿರಿ.